ಪಂಡಿತಾ ರಮಾಬಾಯಿ ನಮ್ಮ ಘಟ್ಟದ ಮಗಳು ಅಂತ ಎಷ್ಟು ಜನಕ್ಕೆ ಗೊತ್ತು?

ಘಾಟಿಬಸ್ಸು ಬರೆದದ್ದು:

ಏಪ್ರಿಲ್ 5 ಹತ್ತಿರ ಬಂದರೆ ನನಗೊಂದು ಕಿರಿಕಿರಿ ಶುರುವಾಗುತ್ತದೆ. 1922ರಲ್ಲಿ ಅದೇ ದಿನ ಪಂಡಿತಾ ರಮಾಬಾಯಿ ತೀರಿಕೊಂಡರು. ಸಂಸ್ಕೃತದ ವಿದುಷಿ, ವಿಧವೆಯರಿಗೆ, ಬರಗಾಲದಲ್ಲಿ ಬೀದಿಗೆ ಬಿದ್ದ ಹೆಣ್ಣುಮಕ್ಕಳಿಗೆ ಆಸರೆಯಾದವರು. ಪುಣೆಯವರು ನೆನೆಯುತ್ತಾರೆ, ವಿದೇಶದ ಚರ್ಚುಗಳವರು ನೆನೆಯುತ್ತಾರೆ. ನಮ್ಮ ಕಾರ್ಕಳದ ಕಡೆ ಕೇಳಿ ನೋಡಿ. "ಯಾರು, ಅಂಬೇಡ್ಕರ್ ಹೆಂಡತಿಯಾ?" ಅನ್ನುತ್ತಾರೆ. ಅವರು ಬೇರೆ ರಮಾಬಾಯಿ, ಇವರು ಬೇರೆ.

ಅಪ್ಪ ಅನಂತಶಾಸ್ತ್ರಿ ಡೋಂಗ್ರೆ ಮಾಳದವರು. ಬಜಗೋಳಿ ದಾಟಿ ಕುದುರೆಮುಖದ ಕಡೆ ಹತ್ತುವಾಗ ಸಿಗುತ್ತದಲ್ಲ, ಅದೇ ಮಾಳ. ರಮಾಬಾಯಿ ಹುಟ್ಟಿದ್ದು ಇನ್ನೂ ಮೇಲೆ, ಗಂಗಾಮೂಲದ ಕಾಡಿನಲ್ಲಿ, 1858ರ ಏಪ್ರಿಲ್ 23ಕ್ಕೆ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ. ಹೆಂಡತಿಗೆ ಸಂಸ್ಕೃತ ಕಲಿಸುತ್ತೇನೆ ಅಂತ ಶಾಸ್ತ್ರಿಗಳು ಹಟ ಹಿಡಿದರು. ಊರವರಿಗೆ ಸಹಿಸಲಿಲ್ಲ. ದೂರು ಉಡುಪಿಯ ಮಠದವರೆಗೂ ಹೋಯಿತು. ಶಾಸ್ತ್ರಿಗಳು ಅಲ್ಲಿ ಹೋಗಿ ಶಾಸ್ತ್ರಗಳನ್ನೇ ಮುಂದಿಟ್ಟು ವಾದಿಸಿ ಗೆದ್ದು ಬಂದರು. ಗೆದ್ದರೂ ಊರಲ್ಲಿ ನಿಲ್ಲಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಕಾಡಿಗೆ ಹೋಗಿ ಮನೆ ಕಟ್ಟಿದರು, ಪಾಠಶಾಲೆ ನಡೆಸಿದರು.

ಮಗುವಿಗೆ ಆರು ತಿಂಗಳಾಗಿದ್ದಾಗ ಸಂಸಾರ ಘಟ್ಟ ಬಿಟ್ಟಿತು. ಬೆತ್ತದ ದೊಡ್ಡ ಪೆಟ್ಟಿಗೆಯಲ್ಲಿ ಮಲಗಿಸಿ ಮಗುವನ್ನು ಕೆಳಗೆ ಇಳಿಸಿದರಂತೆ. ಅವರೇ ಬರೆದುಕೊಂಡಿದ್ದಾರೆ. ಆ ದಾರಿಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತಾಗಲೆಲ್ಲ ನನಗೆ ಆ ಪೆಟ್ಟಿಗೆ ನೆನಪಾಗುತ್ತದೆ. ಮಳೆಗಾಲವಾಗಿದ್ದರೆ ಇಂಬಳ ಎಷ್ಟು ಹತ್ತಿರಬಹುದು!

ಗೊತ್ತಿದ್ದವರು ಬರೆಯಿರಿ. ಸುಮ್ನೆ "ನಮನಗಳು" ಅಂತ ಹಾಕಿ ಹೋಗಬೇಡಿ, ದಯವಿಟ್ಟು.

ಸಂಡೇಸ್ಕೂಲ್:

ನಮ್ಮ ಮನೆಯಲ್ಲಿ ಇವರ ಹೆಸರು ಅಜ್ಜಿಯ ಕಾಲದಿಂದ ಇದೆ. ಸಂಡೇ ಸ್ಕೂಲಿನಲ್ಲಿ ಕಥೆಯಾಗಿ ಹೇಳುತ್ತಿದ್ದರು. ಆದರೆ ಹೇಳಿದ್ದು ಒಂದೇ ಭಾಗ: 1905ರಲ್ಲಿ ಅವರ ಮುಕ್ತಿ ಆಶ್ರಮದಲ್ಲಿ ನಡೆದ ಉಜ್ಜೀವನ, ಅಂದರೆ ಪ್ರಾರ್ಥನೆಯ ದೊಡ್ಡ ಅಲೆ. ಹುಡುಗಿಯರು ಬೆಳಗ್ಗೆ ಎದ್ದು ಗುಂಪು ಗುಂಪಾಗಿ ಪ್ರಾರ್ಥಿಸುತ್ತಿದ್ದರು, ಅತ್ತರು, ಕೂಗಿದರು, ಪವಿತ್ರಾತ್ಮ ಇಳಿದ, ಇಷ್ಟು. ಅಳುತ್ತಾ ಪ್ರಾರ್ಥಿಸುವ ಒಬ್ಬ ಬಿಳಿಸೀರೆಯ ಅಮ್ಮನ ಚಿತ್ರ ನನ್ನ ತಲೆಯಲ್ಲಿ ಕೂತಿತ್ತು.

ಕಾಲೇಜಿಗೆ ಬಂದ ಮೇಲೆ ಅವರ ಸಾಕ್ಷಿಯನ್ನು, ಅಂದರೆ ತಮ್ಮ ಬದುಕು, ನಂಬಿಕೆಯ ಬಗ್ಗೆ ಅವರೇ ಬರೆದ ಪುಸ್ತಕವನ್ನು, ನಾನೇ ಓದಿದೆ. ಅದರಲ್ಲಿ ಬರಗಾಲದ ಪುಟಗಳಿವೆ. ಇವರಿಗೆ ಹದಿನಾರು ವರ್ಷ. ಅಷ್ಟರಲ್ಲಿ ಭಾಗವತದ 18,000 ಶ್ಲೋಕ ಬಾಯಿಪಾಠವಾಗಿತ್ತು. ಊರೂರು ಪುರಾಣ ಓದಿ ಬಂದ ದಕ್ಷಿಣೆಯಲ್ಲಿ ಬದುಕುವ ಸಂಸಾರ. ಕೂಲಿ ಮಾಡಿ ಗೊತ್ತಿಲ್ಲ, ಬೇಡಲು ನಾಚಿಕೆ. ಕಾಡಿನ ಸೊಪ್ಪು ತಿಂದರು. 1874ರಲ್ಲಿ ಅಪ್ಪ ಹೋದರು, ಸ್ವಲ್ಪ ದಿನಕ್ಕೆ ಅಮ್ಮ, ಆಮೇಲೆ ಅಕ್ಕ.

ಅಮ್ಮ ಜ್ವರದಲ್ಲಿ ಊಟ ಕೇಳಿದರು. ಮಗಳು ಪಕ್ಕದ ಮನೆಗೆ ಹೋಗಿ ಒಂದು ತುಂಡು ಸಜ್ಜೆ ರೊಟ್ಟಿ ಕೇಳಬೇಕಾಯಿತು. ಕೇಳಲು ಬಾಯಿ ಬರದೆ ಅತ್ತಳಂತೆ. ರೊಟ್ಟಿ ತಂದಳು. ಅಮ್ಮನಿಗೆ ನುಂಗಲು ಆಗಲಿಲ್ಲ. ತೀರಿಕೊಂಡ ಮೇಲೆ ಹೆಣ ಹೊರಲು ಜನ ಸಿಗಲಿಲ್ಲ. ಕೊನೆಗೆ ಇಬ್ಬರು ಬಂದರು. ಮೂರನೆಯವನು ಅಣ್ಣ ಶ್ರೀನಿವಾಸ. ನಾಲ್ಕನೆಯ ಹೆಗಲು ಇವರದೇ. ಕುಳ್ಳಗಿದ್ದರಲ್ಲ, ಹೆಗಲು ಉಳಿದವರಿಗೆ ಸರಿಸಮ ಬರಲಿಲ್ಲ. ತಲೆಯ ಮೇಲೆ ಹೊತ್ತು ನಡೆದರು.

ಇದನ್ನು ನಮಗೆ ಸಂಡೇ ಸ್ಕೂಲಿನಲ್ಲಿ ಯಾಕೆ ಹೇಳಲಿಲ್ಲ? ಉಜ್ಜೀವನಕ್ಕಿಂತ ಇದು ನನ್ನನ್ನು ಜಾಸ್ತಿ ಅಲ್ಲಾಡಿಸಿತು.

ತುಂಗಾತೀರ:

ಒಳ್ಳೆಯ ವಿಷಯ ಎತ್ತಿದ್ದೀರಿ. ಒಂದು ಸೇರಿಸುತ್ತೇನೆ. ಅಣ್ಣ ತಂಗಿ ಅಲ್ಲಿಂದ ಕಾಲ್ನಡಿಗೆಯಲ್ಲೇ ದೇಶ ಸುತ್ತಿದರು. ಪಂಜಾಬಿನಲ್ಲಿ ಝೇಲಂ ದಡದ ಮರಳಿನಲ್ಲಿ ಗುಂಡಿ ತೋಡಿ, ಅದರೊಳಗೆ ಮಲಗಿ, ಕುತ್ತಿಗೆಯವರೆಗೂ ಮರಳು ಎಳೆದುಕೊಂಡು ಚಳಿಯ ರಾತ್ರಿ ಕಳೆದರು. ಹೊದೆಯಲು ಏನೂ ಇರಲಿಲ್ಲ.

1878ರಲ್ಲಿ ಕಲ್ಕತ್ತಾ ತಲುಪಿದಾಗ ಅದೇ ಹುಡುಗಿಯನ್ನು ಅಲ್ಲಿನ ಪಂಡಿತರು ಸಂಸ್ಕೃತದಲ್ಲಿ ಪರೀಕ್ಷೆ ಮಾಡಿ "ಪಂಡಿತಾ", "ಸರಸ್ವತಿ" ಅಂತ ಬಿರುದು ಕೊಟ್ಟರು. ಆಮೇಲೆ ಅಣ್ಣ ತೀರಿಕೊಂಡ. ಬಿಪಿನ್ ಬಿಹಾರಿ ಮೇಧಾವಿ ಅನ್ನುವ ಬಂಗಾಳಿ ವಕೀಲರನ್ನು ಮದುವೆಯಾದರು, 1880ರಲ್ಲಿ. ಜಾತಿ ಬೇರೆ, ಭಾಷೆ ಬೇರೆ, ರಿಜಿಸ್ಟರ್ ಮದುವೆ. ಎರಡು ವರ್ಷವೂ ತುಂಬಲಿಲ್ಲ, ಕಾಲರಾದಲ್ಲಿ ಗಂಡ ಹೋದರು. ಕೈಯಲ್ಲಿ ಮನೋರಮಾ ಅನ್ನುವ ಹಸುಗೂಸು. ವಯಸ್ಸು ಇಪ್ಪತ್ತಮೂರು.

ಅಷ್ಟು ಹೊತ್ತಿಗೆ ಇವರ ಮನಸ್ಸಿನಲ್ಲಿ ಹಳೆಯ ನಂಬಿಕೆ ಸತ್ತು ಹೋಗಿತ್ತು. ಗಂಡನ ಪುಸ್ತಕಗಳ ನಡುವೆ ಲೂಕನ ಸುವಾರ್ತೆಯ ಬಂಗಾಳಿ ಪ್ರತಿ ಸಿಕ್ಕಿದ್ದು ಸಿಲ್ಚಾರಿನಲ್ಲಿದ್ದಾಗ.

ಗೋಪುರವಾಸಿ:

ಎಲ್ಲ ಸರಿ. ಆದರೆ ಇಂಗ್ಲೆಂಡಿಗೆ ಹೋಗಿ ಮತ ಬದಲಿಸಿದ್ದನ್ನು ಯಾಕೆ ಯಾರೂ ಹೇಳುತ್ತಿಲ್ಲ? ಕಷ್ಟದಲ್ಲಿದ್ದವಳನ್ನು ಮಿಷನರಿಗಳು ಹಿಡಿದರು, ಅಷ್ಟೇ ಕಥೆ. ಇಂಥವು ಎಷ್ಟು ನೋಡಿಲ್ಲ.

ಮುಂಬೈಕನ್ನಡತಿ:

ಗೋಪುರವಾಸಿಯವರೇ, "ಹಿಡಿದರು" ಅಂತ ಬರೆಯುವ ಮೊದಲು ಹಿಡಿದವರ ಪಾಡು ಏನಾಯಿತು ಅಂತಲೂ ಸ್ವಲ್ಪ ನೋಡಿ. ನಗು ಬರುತ್ತದೆ.

1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನ ಕ್ರೈಸ್ತ ಸಿಸ್ಟರುಗಳ ಮಠಕ್ಕೆ ಹೋದರು. ಡಾಕ್ಟರ್ ಓದಬೇಕು ಅಂತ ಹೋದದ್ದು, ಕಿವಿ ಮಂದವಾದ್ದರಿಂದ ಆಗಲಿಲ್ಲ. ಹೋಗುವಾಗ ನಾನು ಕ್ರೈಸ್ತಳಾಗುವುದಿಲ್ಲ ಅಂತಲೇ ಅಂದುಕೊಂಡು ಹೋಗಿದ್ದರು. ಆ ಸಿಸ್ಟರುಗಳು ಲಂಡನ್ನಿನ ಫುಲಂನಲ್ಲಿ ಬೀದಿಗೆ ಬಿದ್ದ ಹೆಂಗಸರಿಗೆ ಮನೆ ನಡೆಸುತ್ತಿದ್ದರು. ಅಲ್ಲಿ ಅವರನ್ನು ಅಷ್ಟು ಪ್ರೀತಿಯಿಂದ ನೋಡಿಕೊಳ್ಳುವುದನ್ನು ಕಂಡು ಇವರಿಗೆ ಆಶ್ಚರ್ಯ. ನಮ್ಮ ಕಡೆ ಇಂಥವರನ್ನು ಕಣ್ಣೆತ್ತಿ ನೋಡುವುದಿಲ್ಲವಲ್ಲ, ನೀವು ಯಾಕೆ ಹೀಗೆ ಅಂತ ಕೇಳಿದರು. ಒಬ್ಬ ಸಿಸ್ಟರ್ ಬಾವಿಯ ಹತ್ತಿರ ಯೇಸುವಿಗೆ ಸಿಕ್ಕ ಸಮಾರ್ಯದ ಹೆಂಗಸಿನ ಕಥೆ ಓದಿ ಹೇಳಿದರು. ಅಲ್ಲಿ ಮನಸ್ಸು ತಿರುಗಿತು. ಸೆಪ್ಟೆಂಬರ್ 29ಕ್ಕೆ ದೀಕ್ಷಾಸ್ನಾನ ಆಯಿತು, ಮಗಳಿಗೂ.

ದೀಕ್ಷೆ ಕೊಟ್ಟವರಿಗೆ ನೆಮ್ಮದಿ ಸಿಕ್ಕಿತಾ? ಇಲ್ಲ! ತ್ರಿಯೇಕತ್ವ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವುದು) ನನಗೆ ಒಪ್ಪಿಗೆ ಆಗುತ್ತಿಲ್ಲ ಅಂದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಾಗಬಾರದು ಅಂತ ಕೇಳಿದರು. ಮಾಂಸ ಬಿಡಿ, ಮೊಟ್ಟೆ ಸಹ ಮುಟ್ಟುವುದಿಲ್ಲ ಅಂತ ಕೂತರು. ಸಿಸ್ಟರ್ ಜೆರಾಲ್ಡಿನ್ ಅನ್ನುವವರಿಗೂ ಇವರಿಗೂ ನಡೆದ ಕಾಗದಗಳನ್ನು ಓದಬೇಕು. ಸಿಸ್ಟರ್ ಅಮ್ಮನ ಹಾಗೆ ಗದರುತ್ತಾರೆ, ಅಹಂಕಾರ ಬಿಡು ಅನ್ನುತ್ತಾರೆ. ಇವರು ಮರ್ಯಾದೆಯಿಂದಲೇ, ಒಂದು ಇಂಚೂ ಜಗ್ಗದೆ ಉತ್ತರ ಬರೆಯುತ್ತಾರೆ. ಸಾರಾಂಶ ಇಷ್ಟು: ನಮ್ಮ ಪುರೋಹಿತರ ನೊಗವನ್ನು ಕಷ್ಟಪಟ್ಟು ಈಗಷ್ಟೇ ಇಳಿಸಿದ್ದೇನೆ, ನಿಮ್ಮ ಪಾದ್ರಿಗಳ ನೊಗಕ್ಕೆ ಕುತ್ತಿಗೆ ಕೊಡಲು ನಾನು ತಯಾರಿಲ್ಲ.

ಇವರ ಅಪ್ಪ ಉಡುಪಿಯಲ್ಲಿ ಮಾಡಿದ್ದನ್ನೇ ಮಗಳು ವಾಂಟೇಜ್‌ನಲ್ಲಿ ಮಾಡಿದರು. ನನಗಂತೂ ಹಾಗೆ ಕಾಣುತ್ತದೆ.

ಗೋಪುರವಾಸಿ:

ಕಾಗದ ನಾನೂ ಓದಿದ್ದೇನೆ, ಭಾಗ ಭಾಗ. ವಾಂಟೇಜ್ ವಿಷಯ ಒಪ್ಪಿಕೊಳ್ಳುತ್ತೇನೆ, ಅವರು ಯಾರ ಕೈಗೊಂಬೆಯೂ ಅಲ್ಲ. ನನ್ನ ಮಾತು ಶಾರದಾ ಸದನದ್ದು, ವಿಧವೆ ಹೆಣ್ಣುಮಕ್ಕಳಿಗೆ ಅಂತ ಅವರು ತೆರೆದ ಶಾಲೆಯದ್ದು. 1889ರಲ್ಲಿ ಮುಂಬೈಯಲ್ಲಿ ಶುರು ಮಾಡುವಾಗ ಏನು ಹೇಳಿದ್ದರು? ಧರ್ಮದ ವಿಷಯದಲ್ಲಿ ಕೈ ಹಾಕುವುದಿಲ್ಲ ಅಂತ. ಅದನ್ನು ನಂಬಿ ರಾನಡೆ, ಭಂಡಾರ್ಕರ್ ಅವರಂಥ ಸಮಾಜ ಸುಧಾರಕರು ಸಲಹಾ ಸಮಿತಿಗೆ ಬಂದರು. ಜನ ತಮ್ಮ ಮನೆಯ ವಿಧವೆ ಹೆಣ್ಣುಮಕ್ಕಳನ್ನು ಕಳಿಸಿದರು. 1893ರಲ್ಲಿ ಅದೇ ರಾನಡೆ, ಭಂಡಾರ್ಕರ್ ರಾಜೀನಾಮೆ ಕೊಟ್ಟು ಹೊರಗೆ ಬಂದರು. ತಿಲಕರು ಕೇಸರಿಯಲ್ಲಿ ಬರೆದದ್ದನ್ನು ಬಿಡಿ, ಅವರಿಗೆ ಮೊದಲಿಂದಲೂ ಆಗುತ್ತಿರಲಿಲ್ಲ. ರಾನಡೆಯವರೂ ದ್ವೇಷಿಯಾ?

ಮುಂಬೈಕನ್ನಡತಿ:

ರಾನಡೆ ದ್ವೇಷಿ ಅಲ್ಲ. ಈ ಪ್ರಶ್ನೆ ಸುಲಭದ್ದಲ್ಲ, ಒಪ್ಪುತ್ತೇನೆ.

ನಡೆದದ್ದು ಹೀಗೆ. ಹುಡುಗಿಯರಿಗೆ ಅವರವರ ಪೂಜೆ, ವ್ರತ ಮಾಡಿಕೊಳ್ಳಲು ಅಡ್ಡಿ ಇರಲಿಲ್ಲ. ಅಡುಗೆ ಜಾತಿ ನಿಯಮದಂತೆಯೇ ನಡೆಯುತ್ತಿತ್ತು. ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳ ಜೊತೆ ಬೈಬಲ್ ಓದಿ ಪ್ರಾರ್ಥಿಸುತ್ತಿದ್ದರು. ಬಾಗಿಲು ಹಾಕುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರಲು ಶುರು ಮಾಡಿದರು. ಹೋಗಿ ಅಂತ ಇವರು ಕಳಿಸಲಿಲ್ಲ. ಜಗಳ ಆ ತೆರೆದ ಬಾಗಿಲಿನದು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಬಂದು ಬಿಡಿಸಿಕೊಂಡು ಹೋದರು.

ಬಾಗಿಲು ಹಾಕಬೇಕಿತ್ತು ಅಂತ ನೀವು ಹೇಳಬಹುದು. ನನಗೆ ಎರಡೂ ಕಡೆ ಮನಸ್ಸು ಎಳೆಯುತ್ತದೆ. ತಾಯಿಯ ಹಾಗಿದ್ದವರು ಕಣ್ಣು ಮುಚ್ಚಿ ಕೂತರೆ ಹನ್ನೆರಡು ವರ್ಷದ ಹುಡುಗಿಯೂ ಕೂರುತ್ತಾಳೆ. ಅದು ಒತ್ತಾಯವೂ ಅಲ್ಲ, ಪೂರ್ತಿ ಸ್ವಂತ ಆಯ್ಕೆಯೂ ಅಲ್ಲ. ಆದರೆ ಅಲ್ಲಿಂದ ಹೊರಟವರೆಲ್ಲ ಕ್ರೈಸ್ತರಾಗಲಿಲ್ಲ ಅನ್ನುವುದೂ ನಿಜ. ಮೊದಮೊದಲ ವಿದ್ಯಾರ್ಥಿನಿ ಗೋದೂಬಾಯಿ 1893ರಲ್ಲೇ ಧೋಂಡೋ ಕೇಶವ ಕರ್ವೆ ಅವರನ್ನು ಮದುವೆಯಾಗಿ ಹಿಂದೂವಾಗಿಯೇ ಬಾಳಿದರು. ಕರ್ವೆಯವರ ವಿಧವಾಶ್ರಮದ ಹಿಂದೆ ಆಕೆಯ ದುಡಿಮೆ ಎಷ್ಟಿತ್ತು ಅಂತ ನಮಗೆಲ್ಲ ಗೊತ್ತು.

ಸಂಡೇಸ್ಕೂಲ್:

ಇಲ್ಲಿ ನಮ್ಮ ಕಡೆಯದೂ ಒಂದು ತಪ್ಪಿದೆ, ಹೇಳಿಬಿಡುತ್ತೇನೆ. 1883ಕ್ಕೆ ದೀಕ್ಷೆ ಆಯಿತು, ಮುಗಿಯಿತು, ಅಂತ ನಾವು ಕಥೆ ಮುಗಿಸುತ್ತೇವೆ. ಅವರು ಹಾಗೆ ಹೇಳಿಲ್ಲ. ನನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಅಂತ ಬರೆದಿದ್ದಾರೆ. ಅದಕ್ಕೆ ಇನ್ನೂ ಎಂಟು ವರ್ಷ ಬೇಕಾಯಿತು, 1891ರವರೆಗೆ. ಅಷ್ಟು ವರ್ಷ ಸಂಶಯ ಇಟ್ಟುಕೊಂಡೇ ಚರ್ಚಿಗೆ ಹೋದವರು. ನಮ್ಮ ಸಭೆಯಲ್ಲಿ ಯಾರಾದರೂ ಎದ್ದು ನಿಂತು "ನನಗೆ ಎಂಟು ವರ್ಷದಿಂದ ಸಂಶಯ" ಅಂದರೆ ಏನಾದೀತು? ನಾನು ಹದಿನೆಂಟನೇ ವಯಸ್ಸಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿದ್ದಕ್ಕೆ ಹಿರಿಯರೊಬ್ಬರು ಅಮ್ಮನನ್ನು ಕರೆಸಿ ಮಾತಾಡಿದ್ದರು. ಇರಲಿ.

ಅಚ್ಚುಮೊಳೆ:

ನಾನು ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಅಕ್ಷರ, ಜೋಡಿಸಿದವನು. ಧರ್ಮದ ಜಗಳ ನನಗೆ ತಿಳಿಯುವುದಿಲ್ಲ. ಮುಕ್ತಿಯ ಪ್ರೆಸ್ಸಿನ ಬಗ್ಗೆ ಯಾರೂ ಬರೆಯಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಪುಣೆಯಿಂದ ದೌಂಡ್ ಕಡೆ ಹೋಗುವ ರೈಲು ದಾರಿಯಲ್ಲಿ ಕೇಡಗಾಂವ್ ಇದೆ. ಅಲ್ಲಿ ಬಯಲು ಜಾಗ ಕೊಂಡಿದ್ದರು. 1896ರ ಬರಗಾಲದಲ್ಲಿ ಮಧ್ಯಪ್ರಾಂತಗಳಿಗೆ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗು, ಊರೊಳಗೆ ಜಾಗವಿಲ್ಲ. ಈ ಬಯಲಿನಲ್ಲೇ ಇಳಿಸಿದರು. ಅದೇ ಮುಕ್ತಿ. 1900ರ ಬರಗಾಲದ ಹೊತ್ತಿಗೆ ಅಲ್ಲಿ ಸುಮಾರು 2,000 ಜನ. ಹೊಲ, ಹಸು, ನೇಯ್ಗೆ, ಎಣ್ಣೆಗಾಣ, ಕುರುಡರಿಗೆ ಬ್ರೈಲ್ ಪಾಠ, ಎಲ್ಲ ಇತ್ತು. ಬ್ರೈಲ್ ಕಲಿಸಿದ್ದು ಮಗಳು ಮನೋರಮಾ.

ಅಲ್ಲೇ ಪ್ರೆಸ್ಸು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. ಹದಿನೈದು ವರ್ಷಕ್ಕೂ ಹೆಚ್ಚು ಕೆಲಸ. ಮೊದಲೇ ಮರಾಠಿ ಬೈಬಲ್ ಇತ್ತು. ಆದರೆ ಅದರ ಭಾಷೆ ಸಂಸ್ಕೃತದ್ದು, ಹಳ್ಳಿ ಹೆಂಗಸಿಗೆ ಅರ್ಥವಾಗುವುದಿಲ್ಲ ಅಂತ ಇವರ ತಕರಾರು. ಯೋಚನೆ ಮಾಡಿ, ಭಾಗವತ ಬಾಯಿಪಾಠ ಇದ್ದವರು ಸಂಸ್ಕೃತದ ಮಾತನ್ನು ಆರಿಸಿ ಆರಿಸಿ ತೆಗೆದು ಹಾಕುತ್ತಿದ್ದಾರೆ!

ಜೋಡಿಸಿದ್ದು ಬರಗಾಲದಿಂದ ಬಂದ ಹುಡುಗಿಯರು. ಇದು ಎಷ್ಟು ಕಷ್ಟ ಅಂತ ಕಂಪ್ಯೂಟರಿನವರಿಗೆ ಹೇಳಬೇಕು. ಎಡಗೈಯಲ್ಲಿ ಸ್ಟಿಕ್ (ಸಾಲು ಜೋಡಿಸುವ ಪುಟ್ಟ ತಟ್ಟೆ) ಹಿಡಿದು ಬಲಗೈಯಲ್ಲಿ ಮೊಳೆ ಎತ್ತಬೇಕು. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಇರುತ್ತದೆ. ಸಾಲು ತಲೆಕೆಳಗಾಗಿ ಬೆಳೆಯುತ್ತದೆ. ನಾಗರಿ ಲಿಪಿಗೆ ಇಂಗ್ಲಿಷಿನ ಹಾಗೆ ಇಪ್ಪತ್ತಾರು ಖಾನೆ ಸಾಲುವುದಿಲ್ಲ, ಮಾತ್ರೆ, ಅರ್ಧಾಕ್ಷರ ಎಲ್ಲ ಸೇರಿ ನೂರಾರು ಖಾನೆ. ಯಾವುದು ಎಲ್ಲಿದೆ ಅಂತ ಕೈಗೇ ಗೊತ್ತಿರಬೇಕು. ನಾನು ಸೇರಿದ ಮೊದಲ ತಿಂಗಳು ದಿನಕ್ಕೆ ಅರ್ಧ ಪುಟ ಜೋಡಿಸುವಷ್ಟರಲ್ಲಿ ಬೆವರು ಬರುತ್ತಿತ್ತು. ಒಮ್ಮೆ ಕಟ್ಟಿದ ಪುಟ ಕೈಜಾರಿ ಬಿದ್ದು ಅತ್ತೇ ಬಿಟ್ಟಿದ್ದೆ.

ಆ ಹುಡುಗಿಯರು ಬಂದಾಗ ಅಕ್ಷರವೇ ಬರುತ್ತಿರಲಿಲ್ಲ. ಅಕ್ಷರ ಕಲಿತು, ಅದನ್ನೇ ಹಿಂದುಮುಂದಾಗಿ ಓದುವುದು ಕಲಿತು, ಇಡೀ ಬೈಬಲ್ ಜೋಡಿಸಿದರು. ನನಗೆ ಇದೇ ದೊಡ್ಡದು.

ತುಂಗಾತೀರ:

ಅಚ್ಚುಮೊಳೆಯವರೇ, ಕೈ ಮುಗಿದೆ.

ಕೊನೆಯ ಕರಡು ತಿದ್ದಿ ಮುಗಿಸುವಷ್ಟು ದಿನ ಕೊಡು ದೇವರೇ ಅಂತ ಬೇಡಿಕೊಂಡರು, ಮುಗಿದ ಕೂಡಲೇ ಪ್ರಾಣ ಹೋಯಿತು ಅಂತ ಮುಕ್ತಿಯವರು ಹೇಳುತ್ತಾರೆ. ಅದು ಎಷ್ಟು ಸೇರಿಸಿದ್ದೋ, ಆದರೆ ಪುಸ್ತಕ ಪೂರ್ತಿಯಾಗಿ ಹೊರಬಂದದ್ದು 1924ರಲ್ಲಿ, ಅವರು ಹೋದ ಮೇಲೆ. ಅವರು ಹೋಗುವುದಕ್ಕೆ ಸುಮಾರು ಒಂಬತ್ತು ತಿಂಗಳ ಮೊದಲು ಮನೋರಮಾ ತೀರಿಕೊಂಡಿದ್ದರು. ನಲವತ್ತು ವರ್ಷದ ಮಗಳನ್ನು ಮಣ್ಣು ಮಾಡಿ ಬಂದು ಮತ್ತೆ ಕರಡಿನ ಮುಂದೆ ಕೂತವರು.

ಕಲಬುರಗಿಬಿಸಿಲು:

ಮನೋರಮಾ ಹೆಸರು ಬಂತು ಅಂತ ಹೇಳುತ್ತೇನೆ. ನಮ್ಮ ಕಲಬುರಗಿ ನಿಜಾಮರ ರಾಜ್ಯದಲ್ಲಿದ್ದಾಗ, 1912ರ ಆಸುಪಾಸಿನಲ್ಲಿ, ಮುಕ್ತಿಯವರು ಇಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ನೋಡಿಕೊಂಡವರು ಮನೋರಮಾ. ಆ ಕಾಲದಲ್ಲಿ ನಮ್ಮ ಕಡೆ ಹುಡುಗಿ ಪಾಟಿ ಹಿಡಿದು ಬೀದಿಯಲ್ಲಿ ನಡೆದರೆ ಜನ ಬಾಗಿಲಿಗೆ ಬಂದು ನೋಡುತ್ತಿದ್ದರಂತೆ, ನಮ್ಮ ದೊಡ್ಡಮ್ಮ ಹೇಳುತ್ತಿದ್ದರು.

ಹಾಗಾಗಿ ಕರಾವಳಿಯವರೇ, ಅವರು ನಿಮ್ಮೊಬ್ಬರದೇ ಸ್ವತ್ತು ಅಲ್ಲ. ಮುಂಬೈಗೆ ಹೋಗುವ ನಮ್ಮ ರೈಲು ಕೇಡಗಾಂವ್ ದಾಟಿಯೇ ಹೋಗುತ್ತದೆ. ನಾನು ನಲವತ್ತು ಸಲ ಆ ಕಡೆ ಹೋಗಿದ್ದೇನೆ, ಬಹುತೇಕ ನಿದ್ದೆಯಲ್ಲಿ.

ಗೋಪುರವಾಸಿ:

ಒಂದು ಕೇಳುತ್ತೇನೆ, ಜಗಳಕ್ಕಲ್ಲ. ಅವರಿಗೆ ಕನ್ನಡ ಬರುತ್ತಿತ್ತಾ? ನಮ್ಮವರು ಅನ್ನುವುದಾದರೆ ಅದೂ ಬೇಕಲ್ವಾ.

ಘಾಟಿಬಸ್ಸು:

ಬರುತ್ತಿತ್ತು. ಮನೆಮಾತು ಮರಾಠಿ. ಮಾಳದ ಚಿತ್ಪಾವನರ ಮನೆಗಳಲ್ಲಿ ಇವತ್ತಿಗೂ ಅವರದೇ ಮಾತು ಇದೆ, ಹೊರಗೆ ಕನ್ನಡ, ತುಳು. ರಮಾಬಾಯಿಗೆ ಕನ್ನಡ, ಹಿಂದಿ, ಬಂಗಾಳಿ ಸುತ್ತಾಡಿಯೇ ಬಂದವು, ಶಾಲೆಗೆ ಹೋಗಿ ಅಲ್ಲ. ಶಾಲೆಯ ಮೆಟ್ಟಿಲನ್ನೇ ಹತ್ತದವರು ಚೆಲ್ಟನ್‌ಹ್ಯಾಮ್ ಕಾಲೇಜಿನಲ್ಲಿ ಇಂಗ್ಲಿಷ್ ಹುಡುಗಿಯರಿಗೆ ಸಂಸ್ಕೃತ ಪಾಠ ಮಾಡಿದರು.

ಇನ್ನೊಂದು ತಮಾಷೆ. ಶುಕ್ರ ಗ್ರಹದ ಒಂದು ಕುಳಿಗೆ "ಮೇಧಾವಿ" ಅಂತ ಇವರ ಹೆಸರಿದೆ. ಅಂಚೆ ಚೀಟಿ 1989ರಲ್ಲಿ ಬಂತು. ಶುಕ್ರನಲ್ಲಿ ಬೋರ್ಡು ಬಿತ್ತು. ಕಾರ್ಕಳದಿಂದ ಗಂಗಾಮೂಲದವರೆಗೆ ನಾನು ಕಿಟಕಿ ಪಕ್ಕ ಕೂತು ಹುಡುಕಿದ್ದೇನೆ, ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಮುಂಬೈಕನ್ನಡತಿ:

ಅಮೆರಿಕದ ಕಥೆ ಬಿಟ್ಟೇ ಹೋಯಿತು, ಚಿಕ್ಕದಾಗಿ ಹೇಳುತ್ತೇನೆ. 1886ರ ಮಾರ್ಚ್ 11ಕ್ಕೆ ಫಿಲಡೆಲ್ಫಿಯಾದಲ್ಲಿ ಆನಂದೀಬಾಯಿ ಜೋಶಿ ಡಾಕ್ಟರ್ ಆದರು. ದೂರದ ನೆಂಟಸ್ತಿಕೆ, ನೋಡಲು ಇವರು ಹಡಗು ಹತ್ತಿದರು. ಮರುವರ್ಷವೇ ಆನಂದೀಬಾಯಿ ಹೋಗಿಬಿಟ್ಟರು, ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ಅಮೆರಿಕದಲ್ಲಿದ್ದಾಗಲೇ ಇವರು "ದಿ ಹೈ ಕಾಸ್ಟ್ ಹಿಂದೂ ವುಮನ್" ಪುಸ್ತಕ ಬರೆದರು. ಆ ಪುಸ್ತಕದಿಂದ, ಭಾಷಣಗಳಿಂದ ಬಂದ ಬೆಂಬಲದಲ್ಲೇ ಸದನ ಎದ್ದದ್ದು. ತೆರೆದ ದಿನ ಯಾವುದು ಗೊತ್ತಾ? 1889ರ ಮಾರ್ಚ್ 11. ಬೇಕಂತಲೇ ಇಟ್ಟರೋ ಏನೋ, ನನಗಂತೂ ಆ ತಾರೀಖು ನೋಡಿದಾಗ ಗಂಟಲು ಕಟ್ಟಿತು.

ಗೋಪುರವಾಸಿ:

ಸದನದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಕೊಟ್ಟ ಮಾತು ಮಾತೇ. ಆದರೆ ತಾಯಿಯ ಹೆಣ ತಲೆ ಮೇಲೆ ಹೊತ್ತ ಪುಟ ನಾನು ಓದಿರಲಿಲ್ಲ. ನಿನ್ನೆ ರಾತ್ರಿ ಹುಡುಕಿ ಓದಿದೆ. ನಮ್ಮ ಮನೆಯಲ್ಲೂ ಪುರಾಣ ಓದಿ ಜೀವನ ಮಾಡಿದವರು ಇದ್ದರು. ಮುತ್ತಜ್ಜ. ಅವರ ಬರಗಾಲದ ಕಥೆ ಯಾರೂ ಬರೆದಿಡಲಿಲ್ಲ.

ಸಂಡೇಸ್ಕೂಲ್:

ಗೊತ್ತಿರುವಷ್ಟು ಇಲ್ಲೇ ಬರೆಯಿರಿ ಸರ್, ಬೇರೆ ಎಳೆ ತೆರೆದು. ನಾವು ಓದುತ್ತೇವೆ.

ಅಚ್ಚುಮೊಳೆ:

ಆ 1924ರ ಮರಾಠಿ ಬೈಬಲಿನ ಒಂದು ಪುಟದ ಫೋಟೋ ಯಾರ ಹತ್ತಿರವಾದರೂ ಇದೆಯಾ? ಓದುವುದಕ್ಕಲ್ಲ, ನನಗೆ ಮರಾಠಿ ಬರುವುದಿಲ್ಲ. ಸಾಲುಗಳ ಅಂಚು ಹೇಗೆ ಹೊಂದಿಸಿದ್ದಾರೆ ಅಂತ ನೋಡಬೇಕು.

ಘಾಟಿಬಸ್ಸು:

ಪುಣೆಯಲ್ಲಿರುವ ಗೆಳೆಯನಿಗೆ ಹೇಳಿದ್ದೇನೆ, ಸಿಕ್ಕರೆ ಇಲ್ಲೇ ಹಾಕುತ್ತೇನೆ. ಈ ಏಪ್ರಿಲ್ 23ಕ್ಕೆ ಕಾರ್ಕಳದಿಂದ ಮಾಳ ಮೇಲಾಗಿ ಘಟ್ಟ ಹತ್ತುವ ಯೋಚನೆ ಇದೆ. ಬರುವವರು ಹೆಸರು ಹಾಕಿ. ಮಳೆ ಶುರುವಾಗಿರುವುದಿಲ್ಲ, ಇಂಬಳದ ಭಯ ಇಲ್ಲ. ಕಾಡಿನೊಳಗೆ ಎಲ್ಲಿಯವರೆಗೆ ಬಿಡುತ್ತಾರೆ ಅಂತ ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿ ತಿಳಿಸುತ್ತೇನೆ.

ಗೋಪುರವಾಸಿ:

ನನ್ನದು ಒಂದು ಹಾಕಿ. ಮೊಸರನ್ನ ನಾನು ತರುತ್ತೇನೆ.